ಹಂಪಿ ರೈಡರ್

ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಸೀಮೆಯಲ್ಲಿ ಹೇರಳವಾಗಿ ಕಾಣಸಿಗುವ ಜೀವಿ ಹಂಪಿ ರೈಡರ್. ವಾರದ ದಿನಗಳಲ್ಲಿ ಈತನನ್ನು ಗುರುತಿಸುವುದು ಕಷ್ಟ. ಎಲ್ಲರಂತೆ ಕಾರ್ಡ್ ರೋಡಿನ ಸಿಗ್ನಲ್ಲಿನಲ್ಲಿ ನಿಂತು ಬೆವರುತ್ತಿರುತ್ತಾನೆ. ಗುರುವಾರ ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ‘ಮಗಾ, ಹಂಪಿ?’ ಎಂದು ಬಿದ್ದೊಡನೆ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ.

ಹದಿನಾಲ್ಕು ಮಂದಿ ‘ಪಕ್ಕಾ’ ಎನ್ನುತ್ತಾರೆ. ಶನಿವಾರ ನಸುಕಿನ ನಾಲ್ಕಕ್ಕೆ ನವರಂಗ್ ಹತ್ತಿರ ಸೇರುವುದೆಂದು ತೀರ್ಮಾನ. ಐದೂಕಾಲಕ್ಕೆ ಮೂವರು ಸೇರುತ್ತಾರೆ. ಉಳಿದವರಲ್ಲಿ ಒಬ್ಬನ ಮನೆಯಲ್ಲಿ ನಾಮಕರಣ, ಇನ್ನೊಬ್ಬನ ಚೈನ್ ಸ್ಪ್ರಾಕೆಟ್ ಹೋಗಿದೆ, ಮಿಕ್ಕವರ ಫೋನ್ ಸ್ವಿಚ್ ಆಫ್.

ವೇಷಭೂಷಣ ಗಮನಾರ್ಹ. ಭುಜ, ಮೊಣಕೈ, ಬೆನ್ನಿಗೆ ಗಟ್ಟಿ ಪಟ್ಟಿಗಳಿರುವ ಜಾಕೆಟ್, ಮಂಡಿಗೆ ಕವಚ, ಹೆಲ್ಮೆಟ್ಟಿನ ನೆತ್ತಿಯ ಮೇಲೆ ಕ್ಯಾಮೆರಾ. ಎಲ್ಲವೂ ಲಡಾಖಿನ ಚಳಿಗೆಂದು ಕೊಂಡದ್ದು. ಬಳಕೆಯಾಗುವುದು ಹೊಸಪೇಟೆಯ ಬಿಸಿಲಿನಲ್ಲಿ. ಮೆಕ್ಸಿಕೊದ ಚಿಚೆನ್ ಇಟ್ಸಾ, ಗ್ವಾಟೆಮಾಲಾದ ಟಿಕಾಲ್ ಮುಂತಾದ ಮಾಯಾ ಜನರ ಹಾಳುಪಟ್ಟಣಗಳಿಗೆ ಬೈಕಿನಲ್ಲಿ ಹೋದವರ ವಿಡಿಯೊಗಳನ್ನು ಈತ ನಿದ್ದೆಗೆಟ್ಟು ನೋಡಿರುತ್ತಾನೆ. ವೀಸಾ, ರಜೆ, ದುಡ್ಡು ಮೂರೂ ಕೂಡಿಬರುವ ತನಕ ಹಂಪಿಯೇ ಗತಿ.

ಮೈಸೂರಿನ ಕಡೆ ಹೋಗುವ ಚಟ ಈಚೆಗೆ ತಗ್ಗಿದೆ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯಪಥಕ್ಕೆ ದ್ವಿಚಕ್ರ ವಾಹನಗಳನ್ನು ಬಿಡುವುದಿಲ್ಲ; ಸರ್ವಿಸ್ ರಸ್ತೆಯಲ್ಲಿ ಆಟೊಗಳ ನಡುವೆ ಸಾಗುವುದು ಜಾಕೆಟ್ಟಿಗೆ ಅವಮಾನ. ಹಾಗಾಗಿ ಕೆಂಗೇರಿಯವನೂ ಸುತ್ತಿಬಳಸಿ ತುಮಕೂರು ರಸ್ತೆಗೇ ಬರುತ್ತಾನೆ. ಅಲ್ಲಿನ ಟೋಲ್ ಕಟ್ಟೆಗಳಲ್ಲಿ ಬೈಕಿಗೆ ಶುಲ್ಕವಿಲ್ಲ. ಸಾಲುಗಟ್ಟಿ ನಿಂತ ಕಾರುಗಳ ಪಕ್ಕದ ಸಂದಿಯಲ್ಲಿ ನುಸುಳುವಾಗ ಈತನ ಮುಖದಲ್ಲಿ ಸಾಮಂತರಿಂದ ಕಪ್ಪ ಪಡೆದ ದೊರೆಯ ಗತ್ತು.

ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ಕಡ್ಡಾಯ. ಅಲ್ಲಿಗೆ ಒಂದು ಗಂಟೆ ಹೋಗುತ್ತದೆ, ಹೆಚ್ಚಿನಂಶ ಮೈಲೇಜಿನ ವಾಗ್ವಾದಕ್ಕೆ. ಮುಂದೆ ಶಿರಾದಲ್ಲಿ ಮಲಿಕ್ ರೆಹಾನನ ಗೋರಿಯಿದೆ, ಚಿತ್ರದುರ್ಗದಲ್ಲಿ ಏಳು ಸುತ್ತಿನ ಕೋಟೆಯೇ ಇದೆ. ಎರಡಕ್ಕೂ ಒಂದೇ ಮಾತು: ‘ವಾಪಸ್ ಬರೋವಾಗ ನೋಡೋಣ’. ಬರುವಾಗ ಕತ್ತಲಾಗಿರುತ್ತದೆ.

ಸುಮಾರು 340 ಕಿಲೋಮೀಟರ್ ಗುಡುಗಿಕೊಂಡು ಬಂದವನ ಬೈಕನ್ನು ಗೆಜ್ಜಲ ಮಂಟಪದ ಹತ್ತಿರ ನಿಲ್ಲಿಸಲಾಗುತ್ತದೆ. ವಿಜಯ ವಿಠ್ಠಲ ದೇವಾಲಯದವರೆಗೆ ಮುಂದಿನ ಪ್ರಯಾಣ ಬ್ಯಾಟರಿ ಗಾಡಿಯಲ್ಲಿ. ಪೂರ್ತಿ ಕವಚ ತೊಟ್ಟು, ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು, ಶಾಲಾ ಪ್ರವಾಸದ ಮಕ್ಕಳ ನಡುವೆ ಒತ್ತಿಕೊಂಡು, ಸದ್ದಿಲ್ಲದ ಆ ಗಾಡಿಯಲ್ಲಿ ಆತ ಸಾಗುವ ದೃಶ್ಯ ಹಂಪಿಯ ನೋಡತಕ್ಕ ಸ್ಥಳಗಳ ಪಟ್ಟಿಗೆ ಸೇರಬೇಕು. ಮಕ್ಕಳು ‘ಅಂಕಲ್, ಯಾವ ಬೈಕು?’ ಎಂದು ಕೇಳಿದರೆ ಮಾತ್ರ ಜೀವ ಬರುತ್ತದೆ.

ಕಲ್ಲಿನ ರಥದ ಮುಂದೆ ಐವತ್ತು ರೂಪಾಯಿ ನೋಟು ಹಿಡಿದು ಫೋಟೊ ತೆಗೆಯುವುದು ಸಂಪ್ರದಾಯ, ನೋಟಿನಲ್ಲಿ ಅದೇ ರಥವಿರುವುದರಿಂದ. ಎಲ್ಲಕ್ಕೂ ಮೊಬೈಲಿನಲ್ಲೇ ಪಾವತಿಸುವ ರೈಡರ್ ಬಳಿ ನೋಟಿರುವುದಿಲ್ಲ. ಗೈಡಿನಿಂದ ಸಾಲ ಪಡೆಯುತ್ತಾನೆ. ಬಳಿಕ ಗೈಡಿಗೇ ಇತಿಹಾಸ ಹೇಳುತ್ತಾನೆ. ಆಕರ, ಡಾ. ರಾಜ್‌ಕುಮಾರ್ ನಟಿಸಿದ 1970ರ ‘ಶ್ರೀಕೃಷ್ಣದೇವರಾಯ’. ಆದ್ದರಿಂದ 1565ರ ತಾಳಿಕೋಟೆ ಯುದ್ಧಕ್ಕೂ ರಾಯನನ್ನೇ ಕುದುರೆ ಹತ್ತಿಸಿ ಕಳಿಸುತ್ತಾನೆ. ರಾಯ ತೀರಿಕೊಂಡದ್ದು 1529ರಲ್ಲಿ, ಕಾದಿ ಮಡಿದವನು ಅಳಿಯ ರಾಮರಾಯ ಎಂದು ಗೈಡ್ ತಿದ್ದಿದರೆ, ‘ಅದೂ ಒಂದು ವರ್ಷನ್ ಇದೆ’ ಎನ್ನುತ್ತಾನೆ.

ವಿಜಯನಗರದ ಸಾಮಂತ ಕೆಂಪೇಗೌಡರ ವಂಶ ಆಳಿದ ಮಾಗಡಿಯಲ್ಲೂ ಕೋಟೆಯಿದೆ, ಸೋಮೇಶ್ವರ ದೇವಾಲಯವಿದೆ. ಅಲ್ಲಿಗೆ ಹೋಗುವ ರಸ್ತೆ ಈತನ ಮನೆಯ ಪಕ್ಕದಲ್ಲೇ ಹಾದಿದೆ. ಆದರೆ ನೂರು ಕಿಲೋಮೀಟರಿಗಿಂತ ಹತ್ತಿರವಿರುವ ಯಾವುದೂ ಆತನ ಪಾಲಿಗೆ ಪುರಾತನವಲ್ಲ.

ಭಾನುವಾರ ರಾತ್ರಿ ಮರಳಿದ ಮೇಲೆ ಬೈಕಿನ ಕೆಂಧೂಳನ್ನು ವಾರವಿಡೀ ಹಾಗೇ ಉಳಿಸಿಕೊಳ್ಳುವುದು ಪದ್ಧತಿ. ಆಫೀಸಿನ ಪಾರ್ಕಿಂಗಿನಲ್ಲಿ ಅದೇ ಸಾಕ್ಷಿ. ಈ ಯೋಜನೆ ಸಾಮಾನ್ಯವಾಗಿ ಸೋಮವಾರ ಬೆಳಿಗ್ಗೆ ಆರಕ್ಕೇ ಮಣ್ಣುಗೂಡುತ್ತದೆ. ರಂಗೋಲಿಗೆ ಅಂಗಳ ತೊಳೆಯುವ ಅಮ್ಮ, ಮಿಕ್ಕ ಅರ್ಧ ಬಕೆಟ್ ನೀರನ್ನು ಬೈಕಿಗೆ ಎರಚಿ, ಹ್ಯಾಂಡಲಿಗೆ ಹೊಸ ನಿಂಬೆಹಣ್ಣು ಕಟ್ಟಿರುತ್ತಾಳೆ.