ಬಿಲ್ಡ್ ಆಗ್ತಾ ಇದೆ, ಬನ್ನಿ ಕಾಫಿ ಕುಡಿಯೋಣ

ಕಂಪ್ಯೂಟರಿಗೆ ಅಚ್ಚುಕಟ್ಟುತನದ ಹುಚ್ಚು ಒಂದಿಷ್ಟೂ ಇಲ್ಲ. ಲಕ್ಷಾಂತರ ಸಾಲಿನ ಪ್ರೋಗ್ರಾಮನ್ನು ಒಂದೇ ಫೈಲಿಗೆ ತುರುಕಿ, ವೇರಿಯಬಲ್ಲುಗಳಿಗೆಲ್ಲ ಎ, ಬಿ, ಸಿ ಎಂದು ಹೆಸರಿಟ್ಟು ಕೊಟ್ಟರೂ ಅದು ಮುಖ ಸಿಂಡರಿಸದೆ ಓಡಿಸುತ್ತದೆ. ಫೋಲ್ಡರು, ಅದರೊಳಗೊಂದು ಫೋಲ್ಡರು, ಅದರೊಳಗೆ ಇನ್ನೊಂದು ಎಂದು ಒದ್ದಾಡುವವರು ನಾವೇ. ನಂಬಿಕೆ ಬಾರದಿದ್ದರೆ ನಿಮ್ಮ ಜೇಬಿನಲ್ಲಿರುವ ಫೋನನ್ನೇ ಸಾಕ್ಷಿಗೆ ಕರೆಯಿರಿ. ಅದರೊಳಗೆ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಕೂತಿರುತ್ತದೆ. ಅದನ್ನು ಬರೆಯುವವರು ನೂರಕ್ಕೂ ಹೆಚ್ಚು ಫೈಲುಗಳಲ್ಲಿ ವಿಂಗಡಿಸಿ ನೀಟಾಗಿ ಬರೆಯುತ್ತಾರೆ. ಬರೆದಾದ ಮೇಲೆ ಒಂದು ಸ್ಕ್ರಿಪ್ಟು ಬಂದು ಅಷ್ಟನ್ನೂ ಒಂದರ ಬಾಲಕ್ಕೊಂದು ಅಂಟಿಸಿ, ಎರಡು ಲಕ್ಷ ಸಾಲು ಮೀರಿದ ಒಂದೇ ಫೈಲು ಮಾಡಿಬಿಡುತ್ತದೆ! ಕಂಪೈಲರಿಗೆ ಎಲ್ಲವೂ ಒಟ್ಟಿಗೆ ಕಂಡರೆ ಪ್ರೋಗ್ರಾಮು ಶೇಕಡಾ 5ರಿಂದ 10ರಷ್ಟು ಚುರುಕಾಗುತ್ತದೆ ಎನ್ನುವುದು ಅವರದೇ ಲೆಕ್ಕ. ಅಂದಮೇಲೆ ಆ ನೂರು ಫೈಲು ಯಾರಿಗಾಗಿ ಸ್ವಾಮೀ? ಓದುವ ಮನುಷ್ಯರಿಗಾಗಿ. ಈ ಸಂಗತಿಯನ್ನು ಮರೆತಲ್ಲೇ ನಮ್ಮ ಕಚೇರಿಗಳ ಕೋಡು ಹದಗೆಡುವುದು.

ಯಾವ ಕಂಪನಿಯ ಕೋಡನ್ನಾದರೂ ತೆರೆದು ನೋಡಿ. ‘ಯುಟಿಲ್ಸ್’ ಎಂಬ ಫೋಲ್ಡರು ಇದ್ದೇ ಇರುತ್ತದೆ. ಅದು ನಮ್ಮ ಹಳೆಯ ಮನೆಗಳ ಅಟ್ಟ. ಎಲ್ಲಿಡಬೇಕೆಂದು ಗೊತ್ತಾಗದ್ದೆಲ್ಲ ಅಲ್ಲಿಗೆ ಹೋಗುತ್ತದೆ, ಹೋದದ್ದು ಯಾವುದೂ ಕೆಳಗಿಳಿಯುವುದಿಲ್ಲ. ಅದರ ಪಕ್ಕದಲ್ಲಿ ‘ಕಾಮನ್’, ‘ಹೆಲ್ಪರ್ಸ್’, ‘ಮಿಸ್ಕ್’ ಎಂಬ ದಾಯಾದಿಗಳು. ಹಾಗೆಯೇ ‘ನ್ಯೂ’ ಎಂಬ ಫೋಲ್ಡರೊಂದಿದ್ದರೆ, ಇಡೀ ಸಂಸ್ಥೆಯ ಅತಿ ಹಳೆಯ ಕೋಡು ಅದರಲ್ಲೇ ಇದೆಯೆಂದು ಕಣ್ಣುಮುಚ್ಚಿ ಹೇಳಬಹುದು. ‘ನಮ್ಮಲ್ಲಿ ಮಾತ್ರ ಹೀಗೆ’ ಎಂದು ಕೊರಗಬೇಡಿ. 1991ರಲ್ಲಿ ಸುಮಾರು ಹತ್ತು ಸಾವಿರ ಸಾಲಿನಿಂದ ಹೊರಟು ಇಂದು ಮೂರು ಕೋಟಿ ದಾಟಿರುವ ಲಿನಕ್ಸ್ ಕರ್ನಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ‘ಡ್ರೈವರ್ಸ್’ ಫೋಲ್ಡರಿನದು. ಅದರೊಳಗೂ ಒಂದು ‘ಮಿಸ್ಕ್’ ಇದೆ. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್‌ಗೇ ತಪ್ಪದ್ದು ನಮಗೆ ತಪ್ಪೀತೆ?

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಕೇಳುತ್ತಾಳೆ: “ಸರ್, ಈ ಫೋಲ್ಡರ್ ಯಾರೂ ಬಳಸ್ತಿಲ್ಲ ಅನ್ಸುತ್ತೆ, ಅಳಿಸಿಬಿಡ್ಲಾ?”

“ಅಯ್ಯೋ, ಮುಟ್ಟಬೇಡಮ್ಮಾ!”

“ಯಾಕೆ ಸರ್, ಏನಾಗುತ್ತೆ?”

“ಏನಾಗುತ್ತೋ ಯಾರಿಗೂ ಗೊತ್ತಿಲ್ಲ. ಅದಕ್ಕೇ ಮುಟ್ಟಬೇಡ ಅಂದಿದ್ದು.”

ಕೋಡು ಹೀಗೇಕೆ ಬೆಳೆಯುತ್ತದೆ ಎನ್ನುವುದಕ್ಕೆ ಮೆಲ್ವಿನ್ ಕಾನ್ವೇ ಎಂಬಾತ ಐವತ್ತು ವರ್ಷಕ್ಕೂ ಹಿಂದೆಯೇ ಉತ್ತರ ಕೊಟ್ಟಿದ್ದಾನೆ. ಒಂದು ಸಂಸ್ಥೆಯಲ್ಲಿ ಯಾರು ಯಾರೊಡನೆ ಮಾತಾಡುತ್ತಾರೋ ಆ ಸಂಸ್ಥೆ ಕಟ್ಟುವ ವ್ಯವಸ್ಥೆಯ ಆಕಾರವೂ ಹಾಗೆಯೇ ಇರುತ್ತದೆ ಎಂಬುದು ಅವನ ವಾದ. ಅದನ್ನು ಹಾರ್ವರ್ಡ್ ಬಿಸಿನೆಸ್ ರಿವ್ಯೂಗೆ ಕಳಿಸಿದರೆ, ಸಾಬೀತು ಮಾಡಿಲ್ಲವೆಂದು ಅವರು ವಾಪಸು ಮಾಡಿದರು. 1968ರಲ್ಲಿ ‘ಡೇಟಾಮೇಷನ್’ ಪತ್ರಿಕೆ ಅಚ್ಚು ಹಾಕಿತು. ಅಲ್ಲಿಂದೀಚೆಗೆ ಸಾಕ್ಷ್ಯ ಒದಗಿಸುವ ಕೆಲಸವನ್ನು ಜಗತ್ತಿನ ಎಲ್ಲ ಕಚೇರಿಗಳೂ ಪುಕ್ಕಟೆಯಾಗಿ ವಹಿಸಿಕೊಂಡಿವೆ. ಇಬ್ಬರು ಮ್ಯಾನೇಜರುಗಳು ಮಾತು ಬಿಟ್ಟಿದ್ದಾರೆಯೇ? ಹಾಗಾದರೆ ಲಾಗಿನ್ ಮಾಡುವ ಕೋಡು ಎರಡು ಕಡೆ ಇದೆ ಎಂದುಕೊಳ್ಳಿ. ಇಬ್ಬರೂ ರಾಜಿಯಾದರೋ, ಮೂರನೆಯದೊಂದು ಹುಟ್ಟುತ್ತದೆ. ಹಳೆಯ ಎರಡೂ ಹಾಗೇ ಉಳಿಯುತ್ತವೆ.

ಇನ್ನು ಎಲ್ಲವನ್ನೂ ಒಂದೇ ರೆಪೊದಲ್ಲಿಡಬೇಕೋ, ತುಂಡು ತುಂಡು ಮಾಡಿ ಬೇರೆ ಬೇರೆ ಇಡಬೇಕೋ ಎಂಬ ಜಗಳ. ಇದಕ್ಕೆ ದ್ವೈತ–ಅದ್ವೈತದಷ್ಟೇ ಆಯುಸ್ಸಿದೆ, ಅಷ್ಟೇ ಪಂಡಿತರಿದ್ದಾರೆ. ಒಂದೇ ಸಾಕು ಎನ್ನುವವರು ಗೂಗಲನ್ನು ತೋರಿಸುತ್ತಾರೆ: 2015ರ ಜನವರಿಯ ಲೆಕ್ಕದಲ್ಲಿ 90 ಲಕ್ಷ ಸೋರ್ಸ್ ಫೈಲು, ಸುಮಾರು 200 ಕೋಟಿ ಸಾಲು, ಎಲ್ಲ ಒಂದೇ ಸೂರಿನಡಿ! ಆದರೆ ಆ ಸೂರನ್ನು ಎತ್ತಿಹಿಡಿಯಲು ಗೂಗಲ್ ತನ್ನದೇ ಆವೃತ್ತಿ ವ್ಯವಸ್ಥೆ, ತನ್ನದೇ ಬಿಲ್ಡ್ ವ್ಯವಸ್ಥೆ, ತನ್ನದೇ ಹುಡುಕುವ ಸಾಧನ ಕಟ್ಟಿಕೊಂಡಿತು ಎನ್ನುವುದನ್ನು ಅವರು ಹೇಳುವುದಿಲ್ಲ. ಮೈಕ್ರೊಸಾಫ್ಟಿನವರು ವಿಂಡೋಸ್‌ನ 35 ಲಕ್ಷ ಫೈಲುಗಳನ್ನು, ಅಂದರೆ ಸುಮಾರು 300 ಗಿಗಾಬೈಟನ್ನು, ಗಿಟ್‌ಗೆ ಹಾಕಿ ನೋಡಿದರು. ನಕಲು ಇಳಿಸಿಕೊಳ್ಳಲು ಹನ್ನೆರಡು ಗಂಟೆಗೂ ಹೆಚ್ಚು. ‘ನಾನು ಏನೇನು ಬದಲಾಯಿಸಿದ್ದೇನೆ’ ಎಂದು ಕೇಳಿದರೆ ಉತ್ತರಕ್ಕೆ ಹತ್ತು ನಿಮಿಷ. ಕೊನೆಗೆ, ಫೈಲು ಇದ್ದಂತೆ ತೋರಿಸಿ, ಮುಟ್ಟಿದಾಗ ಮಾತ್ರ ತಂದುಕೊಡುವ ಹೊಸ ಫೈಲ್ ವ್ಯವಸ್ಥೆಯನ್ನೇ ಬರೆದು 2017ರಲ್ಲಿ ಹೊರತಂದರು. ಅವರಿಗೆ ಆ ಹಣೆಬರಹ ಸರಿ, ಸಾವಿರಾರು ಇಂಜಿನಿಯರುಗಳಿದ್ದರು. ಎಂಟು ಜನರ ತಂಡ ಕಟ್ಟಿಕೊಂಡು ನಲವತ್ತು ರೆಪೊ ಮಾಡಿ, ಒಂದು ಬಟನ್ನಿನ ಬಣ್ಣ ಬದಲಿಸಲು ಏಳು ರೆಪೊಗಳಿಗೆ ಅರ್ಜಿ ಹಾಕುವವರಿಗೆ ಏನು ಹೇಳೋಣ? ತಲಾ ಐದು ರೆಪೊ ಬಂತು, ಪುಣ್ಯವಂತರು.

ಜೋಡಿಸಿದ್ದಾಯಿತು, ಇನ್ನು ಬಿಲ್ಡ್. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀವ್ ಜಾನ್ಸನ್ ಎಂಬಾತ ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ಬೆಳಗ್ಗೆಯೆಲ್ಲ ತಪ್ಪು ಹುಡುಕಿ ಸುಸ್ತಾದ. ತಪ್ಪನ್ನು ಆಗಲೇ ತಿದ್ದಿದ್ದ, ತಿದ್ದಿದ ಫೈಲನ್ನು ಕಂಪೈಲ್ ಮಾಡುವುದನ್ನು ಮರೆತಿದ್ದ, ಅಷ್ಟೇ. ವಿಧಿಯನ್ನು ಶಪಿಸುತ್ತ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್‌ನ ಕೋಣೆಗೆ ನುಗ್ಗಿದ. ಹಿಂದಿನ ಸಂಜೆ ಅದೇ ಪಾಡು ಪಟ್ಟಿದ್ದ ಫೆಲ್ಡ್‌ಮನ್, ಬದಲಾದ ಫೈಲುಗಳನ್ನು ಮಾತ್ರ ತಾನೇ ಗುರುತಿಸಿ ಕಂಪೈಲ್ ಮಾಡುವ ‘ಮೇಕ್’ ಎಂಬ ಸಾಧನ ಬರೆದ. ಅದರಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಎಂಟು ಸ್ಪೇಸ್ ಹಾಕಿದರೆ ನಡೆಯದು. ಕಣ್ಣಿಗೆ ಎರಡೂ ಒಂದೇ! ಇದು ಸರಿಯಿಲ್ಲವೆಂದು ಅವನಿಗೆ ಕೆಲವೇ ವಾರಗಳಲ್ಲಿ ಹೊಳೆಯಿತು. ಆದರೆ ಅಷ್ಟರಲ್ಲಿ ಹನ್ನೆರಡು ಜನ ಬಳಸುತ್ತಿದ್ದರು, ಹೆಚ್ಚಿನವರು ಗೆಳೆಯರೇ. ಅವರಿಗೆ ತೊಂದರೆಯಾಗದಿರಲಿ ಎಂದು ಬದಲಾಯಿಸದೆ ಬಿಟ್ಟ. ಹನ್ನೆರಡು ಜನರ ದಾಕ್ಷಿಣ್ಯಕ್ಕೆ ಸುಮಾರು ಐವತ್ತು ವರ್ಷಗಳಿಂದ ಜಗತ್ತೇ ‘ಮಿಸ್ಸಿಂಗ್ ಸೆಪರೇಟರ್’ ಎಂದು ಬೈಸಿಕೊಳ್ಳುತ್ತಿದೆ. ಫೆಲ್ಡ್‌ಮನ್‌ಗೆ 2003ರಲ್ಲಿ ಎಸಿಎಂ ಪ್ರಶಸ್ತಿಯೂ ಬಂತು. ಟ್ಯಾಬ್‌ಗಾಗಿ ಅಲ್ಲ ಎಂದುಕೊಂಡಿದ್ದೇನೆ.

‘ಬದಲಾದದ್ದು ಮಾತ್ರ’ ಎಂದರೆ ಬೇಗ ಮುಗಿಯಬೇಕಲ್ಲ, ಮುಗಿಯುವುದಿಲ್ಲ. ಸಿ ಭಾಷೆಯಲ್ಲಿ ಒಂದು ಹೆಡರ್ ಫೈಲನ್ನು ಕರೆದರೆ ಅದು ತನ್ನ ಬಳಗವನ್ನೆಲ್ಲ ಹಿಂದಿಟ್ಟುಕೊಂಡು ಬರುತ್ತದೆ. ಆ ಬಳಗದಲ್ಲಿ ಯಾರೊಬ್ಬರು ಕೆಮ್ಮಿದರೂ ಕರೆದ ಸಾವಿರಾರು ಫೈಲುಗಳು ಮತ್ತೆ ಕಂಪೈಲ್ ಆಗಬೇಕು. 2022ರ ಜನವರಿಯಲ್ಲಿ ಇಂಗೋ ಮೋಲ್ನಾರ್ ಎಂಬ ಲಿನಕ್ಸ್ ದಿಗ್ಗಜ, ವರ್ಷಕ್ಕೂ ಮೀರಿ ಕೂತು ಕರ್ನಲ್‌ನ ಹೆಡರುಗಳ ಗಂಟು ಬಿಡಿಸಿ 2,200ಕ್ಕೂ ಹೆಚ್ಚು ಪ್ಯಾಚುಗಳನ್ನು ಒಟ್ಟಿಗೆ ಮುಂದಿಟ್ಟರು. ಬಿಲ್ಡ್ ವೇಗ ಶೇಕಡಾ 50ರಿಂದ 80ರಷ್ಟು ಹೆಚ್ಚುತ್ತದೆ ಎಂದರು. ಕೆಲಸ ಅದ್ಭುತ, ಸರಿ. ಆದರೆ 2,200 ಪ್ಯಾಚುಗಳನ್ನು ಕೂತು ಪರಿಶೀಲಿಸುವವರು ಯಾರು? ಇಡಿಯಾಗಿ ಅದು ಕರ್ನಲ್ ಸೇರಲೇ ಇಲ್ಲ. ಗಂಟು ಹಾಕುವಾಗ ಒಂದೊಂದಾಗಿ ಹಾಕಿದ್ದನ್ನು ಬಿಡಿಸುವಾಗಲೂ ಒಂದೊಂದಾಗಿಯೇ ಬಿಡಿಸಬೇಕು.

ಹಾಗೆಂದು ನಿಧಾನವಾದ ಬಿಲ್ಡಿಗೆ ಶತ್ರುಗಳೇ ಇದ್ದಾರೆಂದು ತಿಳಿಯಬೇಡಿ. 2007ರ ಎಕ್ಸ್‌ಕೆಸಿಡಿ ವ್ಯಂಗ್ಯಚಿತ್ರವೊಂದರಲ್ಲಿ ಇಬ್ಬರು ಪ್ರೋಗ್ರಾಮರುಗಳು ಕುರ್ಚಿ ಹತ್ತಿ ಕತ್ತಿವರಸೆ ಆಡುತ್ತಿರುತ್ತಾರೆ, ಬಾಸ್ ಗದರಿಸಿದರೆ ಕಂಪೈಲ್ ಆಗುತ್ತಿದೆ ಎನ್ನುತ್ತಾರೆ, ಬಾಸ್ ತೆಪ್ಪಗಾಗುತ್ತಾನೆ. ಬೆಂಗಳೂರಿನವರು ಸಾಧುಗಳು, ಕತ್ತಿ ಹಿಡಿಯುವುದಿಲ್ಲ. ‘ಬಿಲ್ಡ್ ಆಗ್ತಾ ಇದೆ’ ಎಂದು ಬೈಟು ಕಾಫಿಗೆ ಹೊರಡುತ್ತಾರೆ. ಬಿಲ್ಡ್ ವೇಗ ಮಾಡುವ ಕೆಲಸ ಪ್ರತಿ ತ್ರೈಮಾಸಿಕದ ಪಟ್ಟಿಯಲ್ಲಿದ್ದೂ ಪ್ರತಿ ಸಲ ಮುಂದಕ್ಕೆ ಹೋಗುವುದರ ಗುಟ್ಟು ಇದೇ ಎಂದು ನನ್ನ ಗುಮಾನಿ.

ಇಷ್ಟೆಲ್ಲ ಕಂಡವರು ಕೊನೆಗೊಂದು ದಾಖಲೆ ಬರೆದಿಡುತ್ತಾರೆ: ‘ಹೊಸಬರಿಗೆ ಬಿಲ್ಡ್ ಮಾಡುವ ಕ್ರಮ’. ಅದರಲ್ಲಿ ಇಪ್ಪತ್ತೆರಡು ಹಂತ. ಏಳನೆಯ ಹಂತದ ಕೊಂಡಿ ತೆರೆಯುವುದಿಲ್ಲ. ಹದಿನಾಲ್ಕನೆಯದು ‘ಎರರ್ ಬಂದರೆ ಗಮನಿಸಬೇಡಿ’ ಎನ್ನುತ್ತದೆ, ಯಾವ ಎರರ್ ಎಂದು ಹೇಳುವುದಿಲ್ಲ. ಇಪ್ಪತ್ತೆರಡನೆಯದು ಪಕ್ಕದವರನ್ನು ಕೇಳಿ ಎಂದು. ಪಕ್ಕದವರು ಹೋದ ತಿಂಗಳು ಕೆಲಸ ಬಿಟ್ಟಿದ್ದಾರೆ.

ಆದ್ದರಿಂದ ನನ್ನದೊಂದು ವಿನಂತಿ. ಕೋಡನ್ನು ಹೇಗೆ ಜೋಡಿಸಬೇಕೆಂದು ನೀವು ಮುಂದಿನ ಸಲ ಸಭೆ ಸೇರಿದಾಗ ಗೂಗಲ್ ಏನು ಮಾಡುತ್ತದೆ ಎಂಬಲ್ಲಿಂದ ಶುರುಮಾಡಬೇಡಿ. ಈ ವಾರ ಸೇರಿದ ಹುಡುಗಿಯನ್ನು ಕೂರಿಸಿ, ಯಾರನ್ನೂ ಕೇಳದೆ ಒಂದೇ ಆಜ್ಞೆಯಲ್ಲಿ ಬಿಲ್ಡ್ ಮಾಡಿ, ಒಂದು ಸಾಲು ತಿದ್ದಿ, ಮತ್ತೆ ಬಿಲ್ಡ್ ಮಾಡಲು ಹೇಳಿ. ಸಂಜೆಯೊಳಗೆ ಮುಗಿದರೆ ನಿಮ್ಮ ಫೋಲ್ಡರುಗಳಿಗೆ ಯಾವ ಹೆಸರಿದ್ದರೂ ಚಿಂತೆಯಿಲ್ಲ. ಮುಗಿಯದಿದ್ದರೆ ಆ ಸಭೆಗೆ ಅವಳನ್ನೇ ಅಧ್ಯಕ್ಷೆ ಮಾಡಿ. ಎಲ್ಲಿ ಎಡವಬೇಕಾಗುತ್ತದೆ ಎಂದು ಸರಿಯಾಗಿ ಗೊತ್ತಿರುವುದು ಅಲ್ಲಿ ಅವಳೊಬ್ಬಳಿಗೇ.