ಲಾಗಿನ್ ಮೀಮಾಂಸೆ: ಆದೇಶಸಾಲಿನಲ್ಲಿ ಖಾತೆಗಳ ಸೃಷ್ಟಿ, ಸ್ಥಿತಿ, ಲಯ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಸೀಮೆಯಲ್ಲಿ, ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದ ರೈಸ್‌ಮಿಲ್ಲುಗಳ ಆಸುಪಾಸಿನಲ್ಲಿ ಅರ್ಜಿದಾರರ ಕಿವಿಗೆ ಬೀಳುವ ‘ಸಾಹೇಬ್ರ ಲಾಗಿನ್‌ನಾಗ ಐತ್ರಿ’ ಎಂಬ ಮಹಾವಾಕ್ಯಕ್ಕೆ ಈವರೆಗೆ ಯಾವ ಆಚಾರ್ಯರೂ ಭಾಷ್ಯ ಬರೆಯದಿರುವುದು ವಿದ್ವಲ್ಲೋಕದ ಅಕ್ಷಮ್ಯ ಲೋಪವಾದ್ದರಿಂದ, ಪ್ರಸ್ತುತ ಪ್ರಬಂಧವು ಆ ಕೊರತೆಯನ್ನು ತುಂಬಲು ಹೊರಟಿದೆ. ಲಾಗಿನ್ ಎಂದರೆ ಗಣಕದೊಳಗೆ ಪ್ರವೇಶಿಸಲು ಒಬ್ಬ ವ್ಯಕ್ತಿಗೆ ಕೊಡುವ ಹೆಸರು ಮತ್ತು ಗುಟ್ಟಿನ ಪದ ಎಂಬುದು ಶಾಸ್ತ್ರಾರ್ಥ. ಅರ್ಜಿಗಳು ಹೊಕ್ಕು ಹೊರಬಾರದ ಸ್ಥಳ ಎಂಬುದು ರೂಢ್ಯರ್ಥ.

ಈ ದರ್ಶನದ ಮೂಲವು 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮೊದಲುಗೊಂಡ ಯುನಿಕ್ಸ್ ವ್ಯವಸ್ಥೆಯಲ್ಲೂ, ಅದರ ಜಾಡು ಹಿಡಿದು 1991ರಲ್ಲಿ ಹೊರಬಂದ ಲಿನಕ್ಸ್‌ನಲ್ಲೂ ಇದೆ. ಇಲ್ಲಿ ಸಾಧಕನು ಚಿತ್ರ, ಗುಂಡಿ, ಮೌಸುಗಳ ಮಾಯೆಯನ್ನು ತೊರೆದು, ಖಾಲಿ ಪರದೆಯ ಮೇಲೆ ಅಕ್ಷರಗಳಲ್ಲೇ ಆಜ್ಞೆ ಟೈಪಿಸುತ್ತಾನೆ, ಇದೇ ಆದೇಶಸಾಲು. ‘ಯೂಸರ್‌ಆ್ಯಡ್’ ಎಂದು ಬರೆದು ಮುಂದೊಂದು ಹೆಸರು ಕೊಟ್ಟರೆ ಒಂದು ಜೀವ ಹುಟ್ಟುತ್ತದೆ. ಗಣಕ ಏನೂ ಹೇಳುವುದಿಲ್ಲ, ಏಕೆಂದರೆ ಈ ಪಂಥದಲ್ಲಿ ಕೆಲಸ ಕೆಟ್ಟರೆ ಮಾತು, ಕೈಗೂಡಿದರೆ ಮೌನ. ಹುಟ್ಟಿದವನ ಜಾತಕವು ಒಂದು ಕಡತದಲ್ಲಿ ಒಂದೇ ಸಾಲಾಗಿ, ಏಳು ಕಲಮುಗಳಲ್ಲಿ ದಾಖಲಾಗುತ್ತದೆ. ಗುಟ್ಟಿನ ಪದದ ಕಲಮಿನಲ್ಲಿ ಮಾತ್ರ ಒಂದು ‘ಎಕ್ಸ್’ ಇಟ್ಟು, ಗೂಢಗೊಳಿಸಿದ ರೂಪವನ್ನು ‘ಶ್ಯಾಡೋ’ ಎಂಬ ಬೇರೊಂದು ಕಡತದಲ್ಲಿ ಮುಚ್ಚಿಡಲಾಗುತ್ತದೆ. ಆ ಗುಟ್ಟನ್ನು ಚೀಟಿಯ ಮೇಲೆ ಬರೆದು ಮಾನಿಟರಿನ ಅಂಚಿಗೆ ಅಂಟಿಸುವುದು ನಮ್ಮ ನಾಡಿನ ಸ್ವತಂತ್ರ ಸಂಶೋಧನೆ.

ಪ್ರತಿ ಖಾತೆಗೂ ಒಂದು ಸಂಖ್ಯೆಯುಂಟು, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಅದರ ಪ್ರಕಾರ ಖಾತಾಜೀವರು ಚತುರ್ವಿಧ. ಮೊದಲನೆಯವನು ಸಂಖ್ಯೆ 0 ಉಳ್ಳ ‘ರೂಟ್’, ಸರ್ವಶಕ್ತ, ಯಾರ ಕಡತವನ್ನಾದರೂ ತೆರೆಯಬಲ್ಲವನು, ಯಾರನ್ನಾದರೂ ಅಳಿಸಬಲ್ಲವನು. ಎರಡನೆಯವರು 1ರಿಂದ 999ರವರೆಗಿನ ಸೇವಾಖಾತೆಗಳು. ಇವು ತೆರೆಮರೆಯಲ್ಲಿ ದುಡಿಯುತ್ತವೆ, ಹೆಚ್ಚಿನವಕ್ಕೆ ಲಾಗಿನ್ ಭಾಗ್ಯವೇ ಇಲ್ಲ. ಮೂರನೆಯವರು 1000ದಿಂದ ಶುರುವಾಗುವ ಸಾಮಾನ್ಯರು. ನಾಲ್ಕನೆಯವನು 65534 ಸಂಖ್ಯೆಯ ‘ನೋಬಡಿ’, ಅಂದರೆ ಯಾರೂ ಅಲ್ಲದವನು. ಪ್ರತಿ ವರ್ಗಕ್ಕೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳನ್ನು ನಿರೂಪಿಸುವುದು ಶಾಸ್ತ್ರಕ್ರಮ. ಆದರೆ ಕೌಂಟರಿನ ಮುಂದೆ ನಿಂತವರೆಲ್ಲ ನಾಲ್ಕನೆಯ ವರ್ಗದವರೇ ಆಗಿರುವುದರಿಂದ ಈ ವಿಭಜನೆಯನ್ನು ಇಲ್ಲಿಗೇ ಕೈಬಿಡಲಾಗಿದೆ.

ಗಮನಾರ್ಹವಾದ ತತ್ತ್ವ ಬೇರೆಯೇ ಇದೆ. ಗಣಕಕ್ಕೆ ಹೆಸರು ತಿಳಿಯದು, ಸಂಖ್ಯೆಯಷ್ಟೇ ತಿಳಿಯುತ್ತದೆ. ‘ಯೂಸರ್‌ಡೆಲ್’ ಎಂದು ಒಬ್ಬನನ್ನು ಅಳಿಸಿದರೆ ಅವನ ಕಡತಗಳು ತಾವಾಗಿ ಅಳಿಯುವುದಿಲ್ಲ. ಒಡೆಯನ ಹೆಸರಿದ್ದ ಜಾಗದಲ್ಲಿ ಬರೀ ಅಂಕಿ ಉಳಿಯುತ್ತದೆ, ಮತ್ತು ಅದೇ ಅಂಕಿ ಮುಂದೆ ಬೇರೊಬ್ಬನ ಪಾಲಾದರೆ ಸತ್ತವನ ಸೊತ್ತೆಲ್ಲ ಸದ್ದಿಲ್ಲದೆ ಅವನದಾಗುತ್ತದೆ. ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾದರೂ ಪಹಣಿಯಲ್ಲಿ ಅವನ ಹೆಸರೇ ಇದ್ದು, ಪೌತಿ ಖಾತೆಗಾಗಿ ಮೊಮ್ಮಕ್ಕಳು ವಂಶವೃಕ್ಷ ಹಿಡಿದು ಅಲೆಯುವ ಸೀಮೆಯ ಓದುಗರಿಗೆ ಇದಕ್ಕೆ ಉದಾಹರಣೆ ಬೇಕಾಗಿಲ್ಲ.

ಪಹಣಿಯನ್ನು ಗಣಕಕ್ಕೇರಿಸಿದ ‘ಭೂಮಿ’ ಯೋಜನೆಯಲ್ಲಿ ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂದು ಗೊತ್ತುಮಾಡಿದ್ದು ಒಳ್ಳೆಯದಕ್ಕೇ, ತಿದ್ದಿದವನು ನಾಳೆ ‘ನಾನಲ್ಲ’ ಎನ್ನದಿರಲೆಂದು. ಆದರೆ ಬೆರಳು ಮೀಟಿಂಗಿಗೆ ಹೋಗಿದ್ದರೆ, ರಜೆಯಲ್ಲಿದ್ದರೆ, ವರ್ಗವಾಗಿದ್ದರೆ ಏನು ಗತಿ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರು? ಭತ್ತದ ನಾಟಿಯ ಒಂದು ದಿನದ ಕೂಲಿ ಬಿಟ್ಟು, ಕೈಯಲ್ಲಿ ಕೆಸರು ಹಾಗೇ ಇರುವಾಗ, ಮಗಳ ಕಾಲೇಜು ಸೇರ್ಪಡೆಗೆ ಆದಾಯ ಪ್ರಮಾಣಪತ್ರ ಕೇಳಲು ಬಂದ ಹೆಂಗಸಿಗೆ ‘ಹಳೇ ಸಾಹೇಬ್ರು ಹೋದ್ರು, ಹೊಸಬರಿಗೆ ಇನ್ನೂ ಲಾಗಿನ್ ಬಂದಿಲ್ಲವ್ವ, ನಾಳೆ ಬಾ’ ಎನ್ನುವುದು ತಂತ್ರಜ್ಞಾನದ ತೊಡಕಲ್ಲ, ಶುದ್ಧ ಉಡಾಫೆ. ಸರ್ಕಾರಿ ಸೇವೆಗಳಿಗೆ ಗಡುವು ಹಾಕಿದ ಸಕಾಲ ಕಾಯ್ದೆ 2011ರಷ್ಟು ಹಳೆಯದು. ಹೊಸಬರ ಖಾತೆ ತೆರೆಯಲು ಬೇಕಾದದ್ದು ಒಂದು ಸಾಲು, ಹಳಬರದಕ್ಕೆ ಬೀಗ ಜಡಿಯಲು ಇನ್ನೊಂದು. ಎರಡನ್ನೂ ಟೈಪಿಸಿ ಮುಗಿಸಿದರೂ ಹೋಟೆಲಿನ ಚಾ ಆರಿರುವುದಿಲ್ಲ.

ಇದಕ್ಕೆ ಪರಿಹಾರವನ್ನು ಯುನಿಕ್ಸ್ ಪೂರ್ವಾಚಾರ್ಯರು ಎಂದೋ ಹೇಳಿಟ್ಟಿದ್ದಾರೆ. ಕಡತವನ್ನು ವ್ಯಕ್ತಿಯ ಒಡೆತನಕ್ಕಷ್ಟೇ ಬಿಡದೆ ‘ಗ್ರೂಪ್’ ಎಂಬ ಗುಂಪಿನ ಕೈಗೂ ಕೊಟ್ಟರೆ, ಅಂದರೆ ಮನುಷ್ಯನ ಬದಲು ಹುದ್ದೆಗೆ ಹಕ್ಕು ಬರೆದರೆ, ವರ್ಗವಾಗಿ ಬಂದವರನ್ನು ‘ಯೂಸರ್‌ಮಾಡ್’ ಆದೇಶದಿಂದ ಆ ಗುಂಪಿಗೆ ಸೇರಿಸಿದರಾಯಿತು, ಕಡತ ಕದಲಬೇಕಾಗಿಲ್ಲ. ಒಂದೇ ಎಚ್ಚರಿಕೆ: ಗುಂಪನ್ನು ಸೂಚಿಸುವ ದೊಡ್ಡ ‘ಜಿ’ಯ ಹಿಂದೆ ಚಿಕ್ಕ ‘ಎ’ ಅಕ್ಷರವನ್ನು ಮರೆತರೆ, ಆ ವ್ಯಕ್ತಿ ಹೊಸ ಗುಂಪಿಗೆ ಸೇರುವನಾದರೂ ಹಿಂದೆ ಹೆಚ್ಚುವರಿಯಾಗಿ ಸೇರಿದ್ದ ಗುಂಪುಗಳಿಂದೆಲ್ಲ ಉಚ್ಚಾಟಿತನಾಗುತ್ತಾನೆ. ಎರಡು ಮೂರು ಹೋಬಳಿಗಳ ಪ್ರಭಾರ ಒಬ್ಬರ ಹೆಗಲಿಗೇ ಬಿದ್ದಿರುವ ಕಚೇರಿಗಳಲ್ಲಿ ಈ ಅಕ್ಷರವನ್ನು ಮರೆಯಬಾರದು. ಮರೆತರೆ ಯಾವ ಹೋಬಳಿಯ ಅರ್ಜಿ ನಿಂತಿತೆಂಬುದು ಸಾಹೇಬರಿಗಿಂತ ಮೊದಲು ಕೌಂಟರಿನ ಮುಂದಿನ ಸಾಲಿಗೆ ಗೊತ್ತಾಗುತ್ತದೆ.