ಸುದ್ದಿ ಕುಗ್ಗಿಸುವ ಗ್ರಾಫರಾಯರು

ಸುದ್ದಿಮನೆಯಲ್ಲಿ ಬಹುಪಾಲು ಜನರಿಗೆ ಸಂಬಳ ಬರುವುದು ಸುದ್ದಿಯನ್ನು ಹಿಗ್ಗಿಸುವುದಕ್ಕೆ. ವರದಿಗಾರರು ‘ಇಳಿಕೆ’ ಎಂದು ತಂದದ್ದು ಉಪಸಂಪಾದಕರ ಕೈಯಲ್ಲಿ ‘ತಲ್ಲಣ’ವಾಗಿ, ಪುಟ ಕಟ್ಟುವವರ ಕೈಯಲ್ಲಿ ಎಂಟು ಕಾಲಂ ಅಗಲವಾಗುತ್ತದೆ. ಅದೇ ಸುದ್ದಿಯನ್ನು ಕುಗ್ಗಿಸುವುದಕ್ಕೆ ಸಂಬಳ ಪಡೆಯುವವರೊಬ್ಬರು ಮೂಲೆಯಲ್ಲಿ ಎರಡು ಮಾನಿಟರ್‌ಗಳ ಹಿಂದೆ ಕೂತಿರುತ್ತಾರೆ. ವಿಸಿಟಿಂಗ್ ಕಾರ್ಡಿನಲ್ಲಿ ಇವರು ‘ಡೇಟಾ ವಿಶುವಲೈಸೇಷನ್ ಜರ್ನಲಿಸ್ಟ್, ಬಿಸಿನೆಸ್ ಅಂಡ್ ಫೈನಾನ್ಸ್’. ಪುಟ ಬಿಡುವ ಹೊತ್ತಿನಲ್ಲಿ ಅಷ್ಟುದ್ದ ಕೂಗುವ ಪುರಸೊತ್ತು ಯಾರಿಗೂ ಇಲ್ಲದ್ದರಿಂದ ಗ್ರಾಫರಾಯರು ಎನ್ನೋಣ. ಬೆಂಗಳೂರಿನಲ್ಲಿರಲಿ, ಮುಂಬೈಯಲ್ಲಿರಲಿ, ಲಕ್ಷಣ ಒಂದೇ: ಯಾರು ಏನು ಹೇಳಿದರೂ “ಯಾವುದಕ್ಕೆ ಹೋಲಿಸಿದರೆ?” ಎನ್ನುತ್ತಾರೆ. ಮದುವೆಮನೆಯಲ್ಲಿ ಯಾರಾದರೂ ಚಿನ್ನದ ಬೆಲೆ ನೆನೆದು ನಿಟ್ಟುಸಿರು ಬಿಟ್ಟರೆ, ಯಾವ ವರ್ಷದಿಂದ ಲೆಕ್ಕ ಎಂದು ಕೇಳಿ ಆ ನಿಟ್ಟುಸಿರನ್ನೂ ಅರ್ಧಕ್ಕೇ ನಿಲ್ಲಿಸುತ್ತಾರೆ. ಸಹವಾಸಕ್ಕೆ ಕಷ್ಟದ ಆಸಾಮಿ, ಒಪ್ಪಿದೆ. ಆದರೂ ಪತ್ರಿಕೆಗೆ ಇವರು ಬೇಕೇ ಬೇಕು. ಅದೂ ಇವರು ಬರೆದುಕೊಡುವ ಗ್ರಾಫಿಗಿಂತ ಹೆಚ್ಚಾಗಿ, ‘ಒಲ್ಲೆ’ ಎನ್ನುವ ಗ್ರಾಫಿಗಾಗಿ ಬೇಕು ಎಂಬುದು ನನ್ನ ವಾದ.

ಸೆನ್ಸೆಕ್ಸನ್ನೇ ತೆಗೆದುಕೊಳ್ಳಿ. ಲೋಕಸಭೆ ಚುನಾವಣೆಯ ಮತ ಎಣಿಕೆ ನಡೆದ 2024ರ ಜೂನ್ 4ರಂದು ಅದು ಸುಮಾರು 4,390 ಅಂಶ ಬಿತ್ತು. ಕೋವಿಡ್ ಭೀತಿಯ 2020ರ ಮಾರ್ಚ್ 23ರಂದು ಬಿದ್ದದ್ದು ಸುಮಾರು 3,935. ಡೆಸ್ಕಿನ ಕಣ್ಣಿಗೆ ಚುನಾವಣೆಯದ್ದೇ ದೊಡ್ಡ ಪತನ, ಕೆಂಪು ಬಾಣವೂ ಅದಕ್ಕೇ ಉದ್ದ. ಗ್ರಾಫರಾಯರು ಸುಮ್ಮನೆ ಭಾಗಿಸುತ್ತಾರೆ: ಚುನಾವಣೆಯದು ಶೇ 5.74, ಕೋವಿಡ್ಡಿನದು ಶೇ 13.15. ಹರ್ಷದ್ ಮೆಹ್ತಾ ಹಗರಣ ಹೊರಬಿದ್ದ 1992ರ ಏಪ್ರಿಲ್ 28ರಂದು ಬರೀ 570 ಅಂಶ ಕುಸಿದಿತ್ತು, ಆದರೆ ಅದು ಶೇ 12.77. ಈಗ 570 ಅಂಶ ಬಿದ್ದರೆ ಒಳಪುಟದಲ್ಲಿ ಒಂದು ಕಾಲಂ ಸಿಕ್ಕರೆ ಪುಣ್ಯ. 1978-79ನ್ನು 100 ಎಂದಿಟ್ಟುಕೊಂಡು ಹೊರಟ ಈ ಸೂಚ್ಯಂಕ 2024ರಲ್ಲಿ 80 ಸಾವಿರ ದಾಟಿತು. ಅಷ್ಟನ್ನೂ ಮಾಮೂಲಿ ಅಳತೆಯಲ್ಲಿ ಎಳೆದರೆ ಮೆಹ್ತಾ ಕಾಲದ ರಂಪವೆಲ್ಲ ತಳದಲ್ಲಿ ಇರುವೆ ಸಾಲಿನಂತೆ ಮಲಗಿಬಿಡುತ್ತದೆ. ಆದ್ದರಿಂದ ರಾಯರು ಲಾಗ್ ಸ್ಕೇಲ್ ಬೇಡುತ್ತಾರೆ. ಅದರಲ್ಲಿ ನೂರು ಸಾವಿರವಾದರೂ, ಸಾವಿರ ಹತ್ತು ಸಾವಿರವಾದರೂ ಏರುವ ಎತ್ತರ ಒಂದೇ. “ಪಿಯುಸಿಯಲ್ಲೇ ಬಿಟ್ಟುಬಂದದ್ದನ್ನ ಮತ್ತೆ ತರಬೇಡಿ ರಾಯರೇ” ಎನ್ನುತ್ತಾರೆ ಸಂಪಾದಕರು. ಈ ಜಗಳದಲ್ಲಿ ರಾಯರು ಗೆಲ್ಲುವುದು ಅಪರೂಪ.

ಗೆಲ್ಲಲೇಬೇಕಾದ ಜಗಳಗಳೂ ಇವೆ. 2021ರ ಏಪ್ರಿಲ್–ಜೂನ್‌ನಲ್ಲಿ ದೇಶದ ಜಿಡಿಪಿ ಶೇ 20.1ರಷ್ಟು ಬೆಳೆಯಿತೆಂದು ಲೆಕ್ಕ ಬಂತು. ಆ ಅಂಕಿಗೆ ರಾಕೆಟ್ ಚಿತ್ರ ಜೋಡಿಸಲು ಯಾರಿಗೆ ತಾನೆ ಕೈ ತುರಿಸುವುದಿಲ್ಲ? ಅದರ ಹಿಂದಿನ ವರ್ಷ, ಲಾಕ್‌ಡೌನಿನ ಅದೇ ಮೂರು ತಿಂಗಳಲ್ಲಿ, ಜಿಡಿಪಿ ಶೇ 24ರಷ್ಟು ಕುಸಿದಿತ್ತು. ನೂರಿದ್ದದ್ದು ಎಪ್ಪತ್ತಾರಕ್ಕಿಳಿದು, ಅಲ್ಲಿಂದ ಇಪ್ಪತ್ತು ಪರ್ಸೆಂಟ್ ಏರಿದರೆ ತೊಂಬತ್ತೊಂದು. ಅಂದರೆ ರಾಕೆಟ್ ಹಾರಿದ್ದು ನಿಜ, ಹೊರಟ ನೆಲಕ್ಕೆ ಇನ್ನೂ ವಾಪಸು ಬಂದಿರಲಿಲ್ಲ. ಇದನ್ನು ತೋರಿಸಲು ರಾಯರಿಗೆ ಬೇಕಾದದ್ದು ಮೂರೇ ಕಂಬ. ಆ ಮೂರು ಕಂಬಕ್ಕೆ ಜಾಗ ಕೊಡಿಸುವಷ್ಟರಲ್ಲಿ ಮೂರು ಕಪ್ ಕಾಫಿ ಖಾಲಿಯಾಗುತ್ತದೆ.

ಇವರ ಮೇಲೆ ದೂರುಗಳಿಲ್ಲವೆ? ಬೇಕಾದಷ್ಟಿವೆ. ಮೊದಲನೆಯದು ಸೊನ್ನೆಯ ಹುಚ್ಚು. ಡೆಸ್ಕಿನವರು ಕಂಬದ ಬುಡ ಕತ್ತರಿಸಿದರೆ ಅಪಚಾರ ಎನ್ನುವವರು, ಡಾಲರ್ ಎದುರು ರೂಪಾಯಿಯ ಗೆರೆ ಎಳೆಯುವಾಗ ತಾವೇ ಸೊನ್ನೆ ಬಿಟ್ಟು ಮೇಲಿನಿಂದ ಶುರುಮಾಡುತ್ತಾರಲ್ಲ? ಹೌದು, ಮಾಡುತ್ತಾರೆ, ಮತ್ತು ಅದು ಸರಿಯೇ. ಕಂಬ ಮಾತಾಡುವುದು ಉದ್ದದಿಂದ, ಗೆರೆ ಮಾತಾಡುವುದು ಇಳಿಜಾರಿನಿಂದ. 2023ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 6.25ರಿಂದ 6.50ಕ್ಕೆ ಏರಿಸಿತು. ಎರಡು ಕಂಬ ನಿಲ್ಲಿಸಿ, ಬುಡವನ್ನು 6ರಿಂದ ಶುರುಮಾಡಿ ನೋಡಿ: ಒಂದೂ ಅಂಕಿ ತಪ್ಪಿಲ್ಲ, ಬಡ್ಡಿ ಮಾತ್ರ ಕಣ್ಣಿಗೆ ಇಮ್ಮಡಿಯಾಗಿದೆ. ಗೃಹಸಾಲದ ಕಂತು ಕಟ್ಟುವವರಿಗೆ ಬೆಳಗಿನ ಕಾಫಿ ಇಳಿಯಬೇಡವೆ? ಇನ್ನು ಓದುಗರು ಗ್ರಾಫನ್ನು ನೋಡುವುದೇ ಎರಡು ಕ್ಷಣ, ಅದಕ್ಕಿಷ್ಟು ಮಡಿ ಏಕೆ ಎಂಬ ದೂರು. ಮಡಿ ಬೇಕಿರುವುದೇ ಅದಕ್ಕೆ. ವಾಕ್ಯವನ್ನಾದರೆ ಓದುಗರು ಅನುಮಾನಿಸುತ್ತಾರೆ, ಇನ್ನೊಮ್ಮೆ ಓದುತ್ತಾರೆ. ಚಿತ್ರವನ್ನು ನಂಬಿ ಪುಟ ತಿರುವುತ್ತಾರೆ.

ಕುಲದ ಮೂಲ ಕೆದಕುವವರೂ ಇದ್ದಾರೆ. 1786ರಲ್ಲಿ ಕಂಬ-ಗೆರೆಗಳನ್ನೂ 1801ರಲ್ಲಿ ಪೈ ಚಾರ್ಟನ್ನೂ ಅಚ್ಚು ಹಾಕಿಸಿದ ವಿಲಿಯಂ ಪ್ಲೇಫೇರ್, ಲಂಡನ್ನಿನಲ್ಲಿ ಬ್ಯಾಂಕು ತೆರೆದು ಮುಳುಗಿಸಿದ ಪುಣ್ಯಾತ್ಮ. ಇರಲಿ, ಪೈ ಚಾರ್ಟ್ ಕಂಡರೆ ರಾಯರಿಗೂ ಆಗುವುದಿಲ್ಲ. ಬಜೆಟ್ ದಿನ ರೂಪಾಯಿ ನಾಣ್ಯವನ್ನು ಹೋಳು ಮಾಡಿ ಮುಖಪುಟದಲ್ಲಿ ಹಾಕುವ ಸಂಪ್ರದಾಯವನ್ನು ಹಲ್ಲುಕಚ್ಚಿ ನಡೆಸಿಕೊಡುತ್ತಾರೆ. 2025-26ರ ಕೇಂದ್ರ ಬಜೆಟ್ಟಿನ ‘ಬರುವ ರೂಪಾಯಿ’ಯಲ್ಲಿ 24 ಪೈಸೆ ಸಾಲ, ‘ಹೋಗುವ ರೂಪಾಯಿ’ಯಲ್ಲಿ 20 ಪೈಸೆ ಬಡ್ಡಿ. ತೆರಿಗೆಯ ಪಕ್ಕದಲ್ಲಿ ಅಷ್ಟೇ ಮುದ್ದಾದ ಬಣ್ಣ ಬಳಿದುಕೊಂಡು ಸಾಲವೂ ಆದಾಯದಂತೆ ಕೂತಿರುವುದನ್ನು ನೋಡಿದಾಗ ಅವರ ಹೊಟ್ಟೆ ಉರಿಯುತ್ತದೆ. ಆ ಹೋಳಿಗೆ ಕಡು ಬೂದು ಬಣ್ಣ ಕೊಟ್ಟು ಸೇಡು ತೀರಿಸಿಕೊಳ್ಳುತ್ತಾರೆ. ಆ ಬೂದು ಬಣ್ಣವನ್ನು ಗಮನಿಸಿದ ಓದುಗರು ಎಷ್ಟು ಮಂದಿಯೋ.

ಸಂಬಳ ಏರಿಕೆಯ ಪತ್ರ ಕೈಗೆ ಬಂದ ದಿನವೂ ರಾಯರು ಮೊದಲು ಹಣದುಬ್ಬರ ಕಳೆಯುತ್ತಾರೆ. ಉಳಿದದ್ದನ್ನು ಸೊನ್ನೆಯಿಂದ ಶುರುವಾಗುವ ಎರಡು ಕಂಬಗಳಲ್ಲಿ ಬರೆದು ಮನೆಯವರಿಗೆ ತೋರಿಸುತ್ತಾರೆ. ಕಂಬಗಳೆರಡೂ ಒಂದೇ ಎತ್ತರ ಕಾಣುತ್ತವೆ. ಅದರಲ್ಲಿ ಆಫೀಸಿನದೂ ತಪ್ಪಿಲ್ಲ ಬಿಡಿ: ವರ್ಷಕ್ಕೊಮ್ಮೆ ತುಂಬಿಸುವ ಅಪ್ರೈಸಲ್ ಫಾರಂನಲ್ಲಿ ಅಚ್ಚಾದ ಗ್ರಾಫ್‌ಗಳಿಗೆ ಕಲಂ ಇದೆ, ಅಚ್ಚಾಗದಂತೆ ತಡೆದವಕ್ಕೆ ಇಲ್ಲ.